ತಾಳವಾಡಿಯ ಮಕ್ಕಳಿಗೆ ಎರಡು ಬಾಗಿಲು

ಚಾಮರಾಜನಗರದಿಂದ ತಾಳವಾಡಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆದರೆ ತಾಳವಾಡಿಯವರು ತಮ್ಮ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ಹಾಸನೂರು, ದಿಂಬಂ ದಾಟಿ, 27 ತಿರುವುಗಳ ಘಾಟಿ ಇಳಿದು, ಬಣ್ಣಾರಿ ಅಮ್ಮನ ಗುಡಿಯ ಮುಂದೆ ಹಾದು, ಸತ್ಯಮಂಗಲದ ಮೇಲೆ ಹೋಗಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಂಗಡಿಯ ಫಲಕ ತಮಿಳು, ಕಟ್ಟೆಯ ಮೇಲಿನ ಮಾತು ಕನ್ನಡ. ನಟ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲಿಯೇ.

ವ್ಯಾಪಾರದ ನಿಮಿತ್ತ ಈ ಕಡೆ ಬರುವ ನಾವು ಎಲೆಕೋಸು, ಆಲೂಗಡ್ಡೆಗಳ ಧಾರಣೆ ಕೇಳುತ್ತೇವೆ, ಮಕ್ಕಳ ಓದಿನ ಮಾತು ಕೇಳುವುದಿಲ್ಲ. ಕೇಳಿದರೆ ಕಷ್ಟ ತಿಳಿಯುತ್ತದೆ. ಸುತ್ತಲೂ ಸತ್ಯಮಂಗಲದ ಕಾಡು; 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಸೋಲಿಗರ ಹಾಡಿಯ ಮಗು ಶಾಲೆಗೆ ನಡೆಯುವ ದಾರಿಯಲ್ಲಿ ಆನೆ ನಿಂತಿರಬಹುದು. ಹತ್ತಿರದ ಶಾಲೆಯ ತರಗತಿ ಮುಗಿದು ದೂರದ ಪ್ರೌಢಶಾಲೆಗೆ ಹೋಗುವ ಕಾಲ ಬಂದಾಗ, ಮೊದಲು ಮನೆಯಲ್ಲಿ ನಿಲ್ಲುವವಳು ಹೆಣ್ಣುಮಗಳು.

ಎರಡನೆಯ ಕಷ್ಟ ಭಾಷೆಯದು. 2006ರ ಕಾಯ್ದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. 2021ರಿಂದ ಅಲ್ಲಿನ ಸರ್ಕಾರಿ ನೌಕರಿಯ ಪರೀಕ್ಷೆಗೂ ತಮಿಳು ಪತ್ರಿಕೆ ಪಾಸಾಗಲೇಬೇಕು. ಮನೆಯಲ್ಲೂ ತರಗತಿಯಲ್ಲೂ ಕನ್ನಡವೇ ಆಡಿದ ಹುಡುಗನಿಗೆ ಇದು ಘಾಟಿಗಿಂತ ಕಡಿದು.

ಆದರೆ ಲೆಕ್ಕದ ಜಮೆಯ ಪಕ್ಕವನ್ನೂ ನೋಡಬೇಕು. ಮಧ್ಯಾಹ್ನದ ಊಟದ ಜೊತೆಗೆ, 2023ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬೆಳಗಿನ ಉಪಾಹಾರವೂ ಉಂಟು. ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿದವರಿಗೆ ತಮಿಳುನಾಡು ವೈದ್ಯಕೀಯ ಸೀಟಿನಲ್ಲಿ 2020ರಿಂದ ಶೇ. 7.5 ಮೀಸಲಿಟ್ಟಿದೆ, ಮರುವರ್ಷ ಎಂಜಿನಿಯರಿಂಗಿಗೂ ಅದು ಬಂತು. ಇತ್ತ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದ್ದು, ಆ ಪಟ್ಟಿಯಲ್ಲಿ ತಾಳವಾಡಿಯ ಹೆಸರೂ ಇದೆ. ಅಲ್ಲಿ ಓದಿದ ವರ್ಷಗಳ ದಾಖಲೆ ಒದಗಿಸಿ, ಕನ್ನಡ ಪರೀಕ್ಷೆ ಪಾಸಾಗಬೇಕು.

ಎರಡು ರಾಜ್ಯದ ಎರಡು ಬಾಗಿಲು! ಬೀಗದ ಕೈ ಮಾತ್ರ ಕಾಗದಪತ್ರ. ಯಾವ ದಾಖಲೆಯನ್ನು ಯಾವ ತಿಂಗಳು ಯಾರ ಬಳಿ ಪಡೆಯಬೇಕೆಂದು ಹೇಳುವವರಿಲ್ಲದೆ ಎಷ್ಟೋ ಜಾಣ ಮಕ್ಕಳು ಹತ್ತನೆಯ ತರಗತಿಗೇ ತೋಟದ ಕೂಲಿಗೆ ಇಳಿಯುತ್ತಾರೆ.

ಚಾಮರಾಜನಗರ, ಮೈಸೂರು, ಸತ್ಯಮಂಗಲಗಳಲ್ಲಿ ಅಂಗಡಿ ಇಟ್ಟಿರುವ ನಮ್ಮ ಬಂಧುಗಳಿಗೆ ಅರ್ಜಿ ತುಂಬುವುದು, ಕಚೇರಿ ಸುತ್ತುವುದು ದಿನದ ಕೆಲಸ. ವರ್ಷಕ್ಕೆ ಒಂದು ಮನೆಯವರು ಒಂದು ಮಗುವಿನ ಅರ್ಜಿ ತುಂಬಿಸಲಿ, ತಮಿಳು ಪಾಠದ ಶುಲ್ಕ ಕೊಡಲಿ, ಊರಿನಲ್ಲಿ ಉಳಿಯಲು ಕೋಣೆ ತೋರಿಸಲಿ. ಈ ಬಂಡವಾಳಕ್ಕೆ ಬಡ್ಡಿ ಬಾರದು. ಆದರೂ ಇದು ನಷ್ಟದ ವ್ಯಾಪಾರವಲ್ಲ.