ಹಲಗೇರಿ ನಾಯಿ, ಹೊನ್ನಾವರದ ಕಡಲು

ಹಲಗೇರಿಯವರಿಗೆ ಸಮುದ್ರ ಅಂದ್ರೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್ ದೂರ. ರಾಣೇಬೆನ್ನೂರು, ಹಾವೇರಿ, ಶಿರಸಿ, ಆಮೇಲೆ ದೇವಿಮನೆ ಘಟ್ಟ ಇಳಿದರೆ ಕುಮಟಾ. ಈ ಸಲದ ಸೆಮಿಸ್ಟರ್ ರಜೆಯಲ್ಲಿ ನಾವು ಅಲ್ಲಿಂದ ಇನ್ನೂ ಸ್ವಲ್ಪ ದಕ್ಷಿಣಕ್ಕೆ, ಹೊನ್ನಾವರಕ್ಕೆ ಹೋಗಿ ಬಂದ್ವಿ. ನಾವು ಅಂದ್ರೆ ಇದನ್ನ ಬರೀತಿರೋರು, ನಮ್ಮ ತಮ್ಮ, ಓಮ್ನಿ ಓಡಿಸಿದ ಸೋದರಮಾವ, ಮತ್ತೆ ಕೆಂಚ. ಕೆಂಚ ನಮ್ಮ ನಾಯಿ.

ಯಾವ ತಳಿ ಅಂತ ಕೇಳಬೇಡಿ. ಮುಧೋಳವೂ ಅಲ್ಲ, ಲ್ಯಾಬ್ರಡಾರೂ ಅಲ್ಲ. ಕೆಂಪಗಿದ್ದಾನೆ, ಅದಕ್ಕೆ ಕೆಂಚ. ಒಂಬತ್ತು ವರ್ಷ ಅಜ್ಜನ ಜೊತೆ ಹೊಲ ಕಾದವನು. ನಮ್ಮ ಕಡೆ ಗೋವಿನಜೋಳ ತೆನೆಗಟ್ಟೋ ಹೊತ್ತಿಗೆ ರಾತ್ರಿ ಹಂದಿ ಬರ್ತಾವೆ, ನಸುಕಿನಲ್ಲಿ ಚಿಗರಿ ಬರ್ತಾವೆ. ಚಿಗರಿ ಅಂದ್ರೆ ಕೃಷ್ಣಮೃಗ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಗಿದ್ದು, 119 ಚದರ ಕಿಲೋಮೀಟರ್ ಇದೆ. ಆದರೆ ಅಭಯಾರಣ್ಯದ ಗಡಿ ಎಲ್ಲಿಗೆ ಮುಗೀತು ಅಂತ ಚಿಗರಿಗೆ ಯಾರು ಹೇಳಬೇಕು? ಅಜ್ಜನದು ಒಂದೇ ರೂಲ್ಸು: ಓಡಿಸಬೇಕು, ಬದು ದಾಟಬಾರದು. ಕೆಂಚ ಬದುವಿನ ತನಕ ಬಾಣದ ಹಾಗೆ ಹೋಗೋನು, ಅಜ್ಜ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆದರೆ ಅಲ್ಲೇ ಬ್ರೇಕ್. ಒಂದು ಚಿಗರಿಗೂ ಅವನು ಹಲ್ಲು ತಾಗಿಸಿದ್ದು ಊರಲ್ಲಿ ಯಾರೂ ನೋಡಿಲ್ಲ.

ಹೋದ ವರ್ಷ ಅಜ್ಜ ಹೋದರು. ಹೊಲ ಲಾವಣಿಗೆ ಕೊಟ್ಟಿದ್ದಾಯ್ತು. ಹಿಡಿದವರು ಸುತ್ತ ಸೋಲಾರ್ ಬೇಲಿ ಹಾಕಿಸಿದ್ದಾರೆ, ಮುಟ್ಟಿದರೆ ಝಟಕಾ ಹೊಡೆಯುತ್ತೆ, ಅವರಿಗೆ ನಾಯಿ ಬೇಡ. ಅದು ಸರಿನೇ. ಆದರೆ ಕೆಂಚನಿಗೆ ಅದನ್ನ ಹೇಳೋಕಾಗಲ್ಲ. ಸಂಜೆ ಆರಕ್ಕೆ ಸರಿಯಾಗಿ ಹೋಗಿ ಬೇಲಿ ಹೊರಗೆ ಕೂತ್ಕೋತಾನೆ. ರಾತ್ರಿ ನಾವೇ ಹೋಗಿ ಕರ್ಕೊಂಡು ಬರಬೇಕು. ನಾವು ಬೀಚಿಗೆ ಹೊರಟಾಗ ಅವ್ವ, "ಅವನ್ನೂ ಕರ್ಕೊಂಡು ಹೋಗ್ರಪಾ, ಒಂದ್ ದಿನ ಆದ್ರೂ ಹೊಲ ಮರೀಲಿ" ಅಂದ್ಳು. ಮಾವ ಸೀಟಿನ ಮೇಲೆ ಹಳೇ ಚೀಲ ಹಾಸಿದ್ರು. ಘಟ್ಟದಲ್ಲಿ ಇಬ್ಬರು ವಾಂತಿ ಮಾಡಿಕೊಂಡರು, ಆ ಇಬ್ಬರಲ್ಲಿ ಕೆಂಚ ಇರಲಿಲ್ಲ.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಅದೇ ವರ್ಷ ಉಡುಪಿ ಕಡೆಯ ಪಡುಬಿದ್ರಿಗೂ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡೋ ಮಾನ್ಯತೆ ಇದು. ನೀರಿನ ಗುಣಮಟ್ಟ, ಶೌಚಾಲಯ, ಕಸ, ಸುರಕ್ಷತೆ ಅಂತ ಷರತ್ತುಗಳ ಉದ್ದ ಪಟ್ಟಿ ಇದೆ. ಅದರಲ್ಲಿ ಒಂದು, ನಾಯಿ ಮತ್ತಿತರ ಸಾಕುಪ್ರಾಣಿಗಳ ಪ್ರವೇಶ ಕಟ್ಟುನಿಟ್ಟಾಗಿ ನಿಯಂತ್ರಣದಲ್ಲಿರಬೇಕು ಅನ್ನೋದು. ಇದನ್ನ ಹೊರಡೋ ಮೊದಲೇ ಮೊಬೈಲಿನಲ್ಲಿ ಓದಿದ್ವಿ. ಹಾಗಾಗಿ ಆ ಗೇಟಿನ ಕಡೆ ಹೋಗಲೇ ಇಲ್ಲ, ದೋಣಿಗಳು ನಿಲ್ಲೋ ಕಡೆ ನಡೆದ್ವಿ. ಮಕ್ಕಳು ಬರಿಗಾಲಲ್ಲಿ ಆಡೋ ಮರಳಿನಲ್ಲಿ ನಾಯಿ ಗಲೀಜು ಬೇಡ ಅನ್ನೋದು ನ್ಯಾಯವೇ. ಕೆಂಚನಿಗೂ ಛತ್ರಿ, ಬೆಂಚು ಇಂಪಾರ್ಟೆಂಟ್ ಅಲ್ಲ.

ಅವನು ಸಮುದ್ರ ನೋಡಿ ಮಾಡಿದ ಮೊದಲ ಕೆಲಸ, ಅದನ್ನ ಓಡಿಸೋಕೆ ನೋಡಿದ್ದು. ಅಲೆ ಬಂದರೆ ಬೊಗಳೋನು. ಅಲೆ ಹಿಂದೆ ಹೋದರೆ, ಓಡಿಸಿದೆ ಅನ್ನೋ ಗತ್ತಿನಲ್ಲಿ ನಮ್ಮ ಕಡೆ ತಿರುಗೋನು. ಅಷ್ಟರಲ್ಲಿ ಇನ್ನೊಂದು ಬರೋದು. ಒಂದು ಇಪ್ಪತ್ತು ನಿಮಿಷ ಈ ಯುದ್ಧ ನಡೀತು. ಮಾವ ನಕ್ಕೂ ನಕ್ಕೂ ಮರಳಲ್ಲಿ ಕೂತುಬಿಟ್ಟರು. ಬಾಯಾರಿ ನೀರಿಗೆ ಬಾಯಿ ಹಾಕೋಕೆ ಹೋದಾಗ ಮಾತ್ರ ನಾವು ಎಳೆದ್ವಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರೋ ನೀರು ಅದು, ಕುಡಿದಷ್ಟೂ ದಾಹ ಹೆಚ್ಚು, ಜಾಸ್ತಿ ಹೋದರೆ ವಾಂತಿ, ಭೇದಿ. ನಿಮ್ಮಲ್ಲಿ ಯಾರಾದರೂ ನಾಯಿ ಜೊತೆ ಹೋಗೋರಿದ್ರೆ ಸಿಹಿನೀರು ಅವಕ್ಕೇ ಅಂತ ಬೇರೆ ಬಾಟಲಿ ಇಟ್ಕೊಳ್ಳಿ. ಮಧ್ಯಾಹ್ನದ ಮರಳಿನ ಮೇಲೆ ನಿಮ್ಮ ಬರಿ ಅಂಗೈ ಇಟ್ಟು ನೋಡಿ. ನಿಮಗೆ ತಡೆಯೋಕಾಗದಿದ್ರೆ ಅವಕ್ಕೂ ಆಗಲ್ಲ.

ಬಲೆ ಹೊಲೀತಾ ಕೂತಿದ್ದ ಒಬ್ಬ ವಯಸ್ಸಾದ ಮೀನುಗಾರರು ನಮ್ಮನ್ನೇ ನೋಡ್ತಿದ್ರು. "ತಮಾ, ಹಗ್ಗ ಮಾತ್ರ ಬಿಡಬೇಡ. ಆಚೆ ಆಮೆ ಮೊಟ್ಟೆ ಅದೆ" ಅಂದ್ರು. ಸ್ವಲ್ಪ ದೂರದಲ್ಲಿ ಕೋಲು ನೆಟ್ಟು ಬಲೆ ಸುತ್ತಿದ ಜಾಗ. ಆಲಿವ್ ರಿಡ್ಲೆ ಕಡಲಾಮೆ ಚಳಿಗಾಲದ ರಾತ್ರಿ ದಂಡೆಗೆ ಬಂದು, ಒಂದೂವರೆ ಅಡಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತೆ. ಮತ್ತೆ ಬಂದು ನೋಡಲ್ಲ. ಐವತ್ತು ದಿನದ ಹತ್ತಿರ ಮರಳಿನ ಬಿಸಿಯೇ ಕಾವು. ಮರಿ ಗಂಡೋ ಹೆಣ್ಣೋ ಅನ್ನೋದೂ ಆ ಬಿಸಿಯ ಮೇಲೇ ಇದೆ, ಜಾಸ್ತಿ ಬಿಸಿಯಾದರೆ ಹೆಣ್ಣು. ಕಾಯೋ ತಾಯಿ ಇಲ್ಲದ ಗೂಡಿಗೆ ದೊಡ್ಡ ಶತ್ರು ಯಾರು ಅಂತ ಕೇಳಿದ್ದಕ್ಕೆ ಆ ಅಜ್ಜ ಗಲ್ಲದಲ್ಲೇ ಕೆಂಚನ ಕಡೆ ತೋರಿಸಿದ್ರು. ನಾಯಿ ವಾಸನೆ ಹಿಡಿದು ಬಗೆದರೆ ಒಂದು ರಾತ್ರಿಯಲ್ಲಿ ಎಲ್ಲ ಮುಗೀತು.

ಚಿಗರಿ, ಆಮೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿವೆ. ಹುಲಿಗೆ ಇರೋ ರಕ್ಷಣೆಯೇ ಇವಕ್ಕೂ. ನಮ್ಮೂರಲ್ಲಿ ಕೆಂಚನ ಮೂಗಿಗೆ ಸಂಬಳ ಅಂತ ದಿನಾ ಎರಡು ರೊಟ್ಟಿ ಬೀಳ್ತಿತ್ತು. ಅದೇ ಮೂಗು ಇಲ್ಲಿ ಬಂದರೆ ಕಳ್ಳ.

ಗಾಳಿ ತಿರುಗಿತೇನೋ, ಕೆಂಚ ಅಲೆ ಬಿಟ್ಟು ಬಲೆ ಕಡೆ ಎಳೆಯೋಕೆ ಶುರು ಮಾಡಿದ. ಹಗ್ಗ ಬಿಗಿಯಾಗಿ, ಕೊರಳಲ್ಲಿ ಗೊರಗೊರ ಸದ್ದು. ಇಬ್ಬರು ಹಿಡಿದರೂ ಮುಂದೆ ಜರೀತಿದ್ದ. ಆಗ ತಮ್ಮ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆದ. ಥೇಟ್ ಅಜ್ಜನದ್ದೇ. ಅವನು ಯಾವಾಗ ಕಲಿತಿದ್ದನೋ ನಮಗೂ ಗೊತ್ತಿರಲಿಲ್ಲ.

ಕೆಂಚ ನಿಂತ. ಕಿವಿ ನೆಟ್ಟಗಾಯ್ತು. ನಮ್ಮ ಕಡೆ ನೋಡಲಿಲ್ಲ. ದಂಡೆ ಈ ಕಡೆಯಿಂದ ಆ ಕಡೆ ತನಕ, ದೋಣಿಗಳ ಸಂದಿಯಲ್ಲಿ, ಗಾಳಿಮರಗಳ ಕೆಳಗೆ, ಎಲ್ಲಾ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಮಾವ ಎದ್ದು ಹೋಗಿ ಅವನ ಪಕ್ಕ ಕೂತು ಬೆನ್ನು ಸವರಿದರು.

"ಊರಲ್ಲಿ ಇದರ ಕೆಲಸ ಎಂತ?" ಅಂತ ಬಲೆ ಅಜ್ಜ ಕೇಳಿದ್ರು.

"ಹೊಲ ಕಾಯ್ತಿದ್ದ," ಅಂದ್ರು ಮಾವ.

"ಈಗ?"

ತಮ್ಮ ಬಾಟಲಿ ನೀರನ್ನ ಅಂಗೈಯಲ್ಲಿ ಹಿಡಿದ. ಕೆಂಚ ಒಂದು ಲೀಟರ್ ಪೂರ್ತಿ ಕುಡಿದ, ಆಮೇಲೆ ಬಲೆಗೆ ಬೆನ್ನು ಮಾಡಿ ಮಲಗಿದ.