ತಂತಿ ಮೊದಲು, ಕಾಗದಗಳು ಆಮೇಲೆ

ತಂತಿ ಮೊದಲು ಬಂತು. ಕಾಗದಗಳು ಆಮೇಲೆ ಬಂದವು.

1929ರ ಜೂನ್ ತಿಂಗಳು. ಲಂಡನ್ನಿನ ಒಂದು ಮನೆಯಲ್ಲಿ ಪಾಲ್ ಎಂಬ ಹುಡುಗ ತಂಗಿ ಕಾನಿಯ ಜೊತೆ ತಾಯಿಯ ಅಕ್ಕತಂಗಿಯರ ಆಸರೆಯಲ್ಲಿ ಬೆಳೆಯುತ್ತಿದ್ದ. ಅವನಿಗಿನ್ನೂ ಹದಿನೈದು ತುಂಬಿರಲಿಲ್ಲ. ಅವನಪ್ಪ ಇಂಡಿಯಾದ ಬೆಟ್ಟವೊಂದರ ಮೇಲೆ ಜ್ವರ ಬಂದು ತೀರಿಕೊಂಡರೆಂದು ತಂತಿ ಬಂತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಅಪ್ಪ ಬದುಕಿದ್ದಾಗ ಅಂಚೆಗೆ ಹಾಕಿದ್ದ ಕಾಗದಗಳು ಹಡಗಿನಲ್ಲಿದ್ದವು. ವಾರ ಕಳೆದಂತೆ ಅವು ಒಂದೊಂದಾಗಿ ಬರತೊಡಗಿದವು. ಅದೇ ಕೈಬರಹ, ಅದೇ ಬೆಟ್ಟದ ಸುದ್ದಿ, ಮರ ಹಕ್ಕಿಗಳ ಮಾತು. ಸತ್ತ ಅಪ್ಪ ಮಗನ ಜೊತೆ ಮಾತಾಡುತ್ತಲೇ ಇದ್ದರು.

ಈ ಕಥೆಯನ್ನು ನಾನು ಮೊದಲು ಕೇಳಿದ್ದು ದೊಡ್ಡಮ್ಮನ ಬಾಯಲ್ಲಿ. ಅವರು ವೆಲ್ಲೂರಿನಲ್ಲಿ ನರ್ಸಿಂಗ್ ಕಲಿತವರು. ಕೋಲಾರದ ಕಡೆಯವರಾದ ನಮಗೆ ವೆಲ್ಲೂರು ಪರವೂರಲ್ಲ. ಇಲ್ಲಿಯ ವೈದ್ಯರು ಕೈಚೆಲ್ಲಿದರೆ ‘ಒಂದ್ಸಲ ವೆಲ್ಲೂರಿಗೆ ಕರ‍್ಕೊಂಡು ಹೋಗಿ’ ಎನ್ನುವುದು ಇವತ್ತಿಗೂ ವಾಡಿಕೆ. ಡಿಸೆಂಬರಿನ ಚಳಿಗೆ ಹಿತ್ತಲಲ್ಲಿ ಬೆಂಕಿ ಹಾಕಿ, ಗೆಣಸು ಸುಡಲು ಇಟ್ಟು, ದೊಡ್ಡಮ್ಮ ಹೇಳುತ್ತಿದ್ದ ಕಥೆಗಳಲ್ಲಿ ನಾವು ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದದ್ದು ಈ ಬ್ರಾಂಡ್ ಮನೆತನದ ಕಥೆ.

ಅಪ್ಪನ ಹೆಸರು ಜೆಸ್ಸಿ ಬ್ರಾಂಡ್. ಕಸುಬಿನಲ್ಲಿ ಮನೆ ಕಟ್ಟುವವರು. ಉಷ್ಣ ಸೀಮೆಯ ಕಾಯಿಲೆಗಳ ಬಗ್ಗೆ ಒಂದಿಷ್ಟು ಓದಿಕೊಂಡು, ಬ್ಯಾಪ್ಟಿಸ್ಟ್ ಮಿಷನ್ನಿನವರಾಗಿ ಮದರಾಸು ಸೀಮೆಗೆ ಬಂದರು. ತಾಯಿ ಎವೆಲಿನ್ ಲಂಡನ್ನಿನ ಸಿರಿವಂತರ ಮನೆ ಮಗಳು. 1913ರಲ್ಲಿ ಮದುವೆಯಾಗಿ ಇಬ್ಬರೂ ಕೊಲ್ಲಿಮಲೈ ಹತ್ತಿದರು. ಅದು ಈಗಿನ ನಾಮಕ್ಕಲ್ ಜಿಲ್ಲೆಗೆ ಸೇರಿದ ಬೆಟ್ಟಸಾಲು. ಆಗ ಮೇಲಕ್ಕೆ ರಸ್ತೆಯಿರಲಿಲ್ಲ, ವೈದ್ಯರಿರಲಿಲ್ಲ. ಇದ್ದದ್ದು ಚಳಿಜ್ವರ. ಬಯಲಿನವರು ಆ ಬೆಟ್ಟ ಹತ್ತಲು ಹೆದರುತ್ತಿದ್ದದ್ದು ಅದಕ್ಕೇ.

ಜೆಸ್ಸಿ ಅಲ್ಲಿ ಮರದ ಮನೆ ಕಟ್ಟಿದರು. ಗೆದ್ದಲು ಹತ್ತದಿರಲೆಂದು ಕಂಬಗಳ ಮೇಲೆ ಲೋಹದ ತಟ್ಟೆಗಳನ್ನು ಕವುಚಿಟ್ಟು ಅದರ ಮೇಲೆ ಮನೆ ನಿಲ್ಲಿಸಿದರು. ಬೆಟ್ಟದವರ ಹಲ್ಲು ಕೀಳುವುದು, ಹುಣ್ಣು ತೊಳೆಯುವುದು, ಶಾಲೆ ನಡೆಸುವುದು, ಹುಡುಗರಿಗೆ ಬಡಗಿ ಕೆಲಸ ಕಲಿಸುವುದು, ಎಲ್ಲವೂ ಅವರದೇ. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ಗೊತ್ತು. ಕಲುಷಿತ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳು ಹೊರಬರುವ ಕಾಯಿಲೆ. ಎಳೆದರೆ ತುಂಡಾಗಿ ಒಳಗೇ ಕೀವಾಗುತ್ತದೆ. ಜೆಸ್ಸಿ ಅದನ್ನು ಸಣ್ಣ ಕಡ್ಡಿಗೆ ಸುತ್ತಿ ನಿಧಾನವಾಗಿ ಬಿಡಿಸುವುದನ್ನು ಮಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. 

ಒಂದು ದಿನ ಮಾತ್ರ ಮಕ್ಕಳಿಗೆ ಹತ್ತಿರ ಬರಲು ಬಿಡಲಿಲ್ಲ. ಕುಷ್ಠವಿದ್ದ ಮೂವರು ಬೆಟ್ಟ ಹತ್ತಿ ಮನೆ ಮುಂದೆ ಬಂದು ನಿಂತರು. ‘ಒಳಗೆ ಹೋಗಿ’ ಎಂದಳು ತಾಯಿ. ಪಾಲ್ ಮರೆಯಲ್ಲಿ ನಿಂತು ನೋಡಿದ. ಎಲ್ಲರ ಕಾಯಿಲೆಗೂ ಬರಿಗೈ ಹಾಕುವ ಅಪ್ಪ ಅಂದು ಕೈಗವಸು ತೊಟ್ಟು ಅವರ ಕಾಲಿನ ಹುಣ್ಣು ತೊಳೆದು ಬಟ್ಟೆ ಸುತ್ತಿದರು. ತಾಯಿ ಬುಟ್ಟಿಯಲ್ಲಿ ಊಟದ ಸಾಮಾನು ಕೊಟ್ಟಳು. ಅವರು ಹೋದ ಮೇಲೆ ಬುಟ್ಟಿಯನ್ನೂ ಕೈಗವಸನ್ನೂ ಸುಟ್ಟರು. ಮಕ್ಕಳು ಆ ಜಾಗದಲ್ಲಿ ಆಡಕೂಡದೆಂದು ಕಟ್ಟಪ್ಪಣೆಯಾಯಿತು. ದಂಪತಿಗಳಿಗೆ ಕರುಣೆಗೆ ಕೊರತೆಯಿರಲಿಲ್ಲ. ಆದರೆ ಆ ಕಾಯಿಲೆಯ ಭಯ ಅಂದಿನ ಎಲ್ಲರಲ್ಲೂ ಇದ್ದಂತೆ ಅವರಲ್ಲೂ ಇತ್ತು.

1923ರಲ್ಲಿ ಸಂಸಾರ ರಜೆಯ ಮೇಲೆ ಇಂಗ್ಲೆಂಡಿಗೆ ಹೋಯಿತು. ಪಾಲ್‌ಗೆ ಒಂಬತ್ತು ವರ್ಷ. ಮಕ್ಕಳು ಶಾಲೆ ಕಲಿಯಬೇಕು, ಜ್ವರದ ಬೆಟ್ಟದಿಂದ ದೂರವಿರಬೇಕು ಎಂಬುದು ಅಂದಿನ ಮಿಷನರಿಗಳ ರೂಢಿ. ಮರಳುವಾಗ ಮಕ್ಕಳನ್ನು ಅಲ್ಲೇ ಬಿಟ್ಟು ಗಂಡಹೆಂಡಿರಿಬ್ಬರೇ ಹಡಗು ಹತ್ತಿದರು. ಕಥೆ ಇಲ್ಲಿಗೆ ಬಂದಾಗ ದೊಡ್ಡಮ್ಮ ಕೊಂಚ ಹೊತ್ತು ಸುಮ್ಮನಾಗುತ್ತಿದ್ದರು. ಸ್ವಂತ ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟು ರಾತ್ರಿ ಪಾಳಿ ಮಾಡಿದವರು ಅವರು.

ನಮ್ಮ ನೆಲಕ್ಕೆ ಬಂದ ಬಾಸೆಲ್ ಮಿಷನ್ನಿನವರ ಕಥೆಯೂ ಇದೇ. 1834ರಲ್ಲಿ ಮಂಗಳೂರಿನಲ್ಲಿ ಶುರುವಾದ ಆ ಮಿಷನ್ನಿನ ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಕಿಟೆಲ್ ಅವರ ನಿಘಂಟು ಎಲ್ಲವನ್ನೂ ನಾವು ಕೊಂಡಾಡುತ್ತೇವೆ. ಆ ಮಿಷನರಿಗಳ ಮಕ್ಕಳಿಗೆಂದೇ ಬಾಸೆಲ್ ನಗರದಲ್ಲಿ ಒಂದು ಮನೆಯಿತ್ತು, ಓದುವ ವಯಸ್ಸಿಗೆ ಬಂದವರನ್ನು ಅಲ್ಲಿಗೆ ಕಳಿಸುತ್ತಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ಅದೇ ಮಿಷನ್ನಿನವರಾಗಿ ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ದಂಪತಿಗಳ ಮಗಳು ಮರೀ ಹುಟ್ಟಿದ್ದು 1842ರಲ್ಲಿ. ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಮರಳಿ ಅಪ್ಪ ಅಮ್ಮನ ಬಳಿ ಸೇರಿದ್ದು ಹದಿಹರೆಯದಲ್ಲಿ. ಮುಂದೆ ಅವಳೇ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದಳು.

ಪಾಲ್ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ಅಪ್ಪ ಅಮ್ಮ ಎಂದರೆ ಅವನಿಗೆ ಕಾಗದ ಮಾತ್ರ. ಇನ್ನೇನು ರಜೆಗೆ ಬಂದೇಬಿಡುತ್ತಾರೆ ಎಂದುಕೊಂಡಿದ್ದಾಗ ತಂತಿ ಬಂತು. ಜೆಸ್ಸಿಗೆ ಬಂದದ್ದು ಬ್ಲ್ಯಾಕ್‌ವಾಟರ್ ಜ್ವರ. ಮಲೇರಿಯಾ ಉಲ್ಬಣಿಸಿ ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತದೆ. ಬೆಟ್ಟದ ಮೇಲೆ ವೈದ್ಯರಿಲ್ಲ. ಹೆಂಡತಿಯೇ ಆರೈಕೆ ಮಾಡಿದಳು. ಉಳಿಯಲಿಲ್ಲ. ವಯಸ್ಸು ನಲವತ್ತನಾಲ್ಕು. ಬೆಟ್ಟದವರೇ ಅಲ್ಲಿ ಮಣ್ಣು ಮಾಡಿದರು. ಕೆಲ ಕಾಲದ ಮೇಲೆ ಎವೆಲಿನ್ ಇಂಗ್ಲೆಂಡಿಗೆ ಹೋದಾಗ, ಮಗನ ನೆನಪಿನಲ್ಲಿದ್ದ ಎತ್ತರದ ಚೆಲುವೆಯ ಬದಲು ಬಾಗಿದ ಬೆನ್ನಿನ, ನರೆಗೂದಲಿನ ಹೆಂಗಸೊಬ್ಬಳು ಹಡಗಿನಿಂದ ಇಳಿದಳಂತೆ. ಇವಳೇನಾ ಅಮ್ಮ ಎಂದು ಹುಡುಗ ತಡವರಿಸಿದ. ಆ ತಾಯಿ ಮತ್ತೆ ಇಂಡಿಯಾಕ್ಕೇ ಮರಳಿದಳು.

ಇಷ್ಟೆಲ್ಲ ಕಳೆದುಕೊಂಡ ಹುಡುಗ ಆ ಬೆಟ್ಟದ ಕಡೆ ತಿರುಗಿಯೂ ನೋಡದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಪಾಲ್ ಮೊದಲು ಅಪ್ಪನ ಹಾಗೆ ಕಟ್ಟಡದ ಕೆಲಸ ಕಲಿತ, ಆಮೇಲೆ ವೈದ್ಯಕೀಯ ಓದಿ ಶಸ್ತ್ರವೈದ್ಯನಾದ. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ಅಂದು ಕುಷ್ಠವೆಂದರೆ ಮಾಂಸ ಕೊಳೆತು ಬೆರಳು ಉದುರುವುದೆಂದೇ ಎಲ್ಲರ ನಂಬಿಕೆ. ಡಾಕ್ಟರ್ ಪಾಲ್ ಬ್ರಾಂಡ್ ಮತ್ತು ಜೊತೆಯವರು ರೋಗಿಗಳ ಬೆನ್ನು ಹತ್ತಿ ನೋಡಿದರು. ನರ ಸತ್ತು ನೋವೇ ತಿಳಿಯದ ಕೈಗಳವು. ಬಿಸಿ ಪಾತ್ರೆ ಸುಟ್ಟರೂ ಗೊತ್ತಾಗದು, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದು. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತಿತ್ತು. ಇಲಿಗಳನ್ನು ತಡೆಯಲು ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರು. ದೊಡ್ಡಮ್ಮ ಈ ಬೆಕ್ಕಿನ ಮಾತು ಹೇಳಿದಾಗ ಚಿಕ್ಕವರಾದ ನಾವು ಕಣ್ಣರಳಿಸಿ ಕೇಳುತ್ತಿದ್ದೆವು. ಮುದುಡಿದ ಬೆರಳಿಗೆ ಸತ್ವವಿರುವ ಸ್ನಾಯುವಿನ ಕಂಡರವನ್ನು ಜೋಡಿಸಿ ಮತ್ತೆ ಅನ್ನ ಕಲಸುವ, ಉಳಿ ಹಿಡಿಯುವ ಕೈ ಮಾಡಿಕೊಟ್ಟರು.

ಒಮ್ಮೆ ಒಬ್ಬ ಯುವಕನಿಗೆ ಚಿಕಿತ್ಸೆ ವಿವರಿಸುತ್ತ ಪಾಲ್ ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಬಿಕ್ಕಿ ಬಿಕ್ಕಿ ಅತ್ತ. ಯಾಕೆಂದು ಕೇಳಿಸಿದರೆ, ಎಷ್ಟೋ ವರ್ಷಗಳಿಂದ ತನ್ನನ್ನು ಯಾರೂ ಮುಟ್ಟಿರಲಿಲ್ಲ ಎಂದನಂತೆ. ಅಪ್ಪ ಕೈಗವಸು ತೊಟ್ಟು ಮಾಡಿದ ಸೇವೆಯನ್ನು ಮಗ ಬರಿಗೈಯಲ್ಲಿ ಮುಂದುವರಿಸಿದ್ದ.

ಅತ್ತ ತಾಯಿಯೂ ಸುಮ್ಮನೆ ಕೂತಿರಲಿಲ್ಲ. ವಯಸ್ಸಾಯಿತೆಂದು ಮಿಷನ್ ನಿವೃತ್ತಿ ಹೇಳಿದರೂ ಎವೆಲಿನ್ ಊರಿಗೆ ಮರಳಲೊಪ್ಪದೆ ತಾನೇ ಬೆಟ್ಟದಲ್ಲಿ ನಿಂತಳು. ಸಣ್ಣ ಕುದುರೆಯ ಮೇಲೆ ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುತ್ತ, ನೀರಿನ ಬಾವಿಗೆ ಕಟ್ಟೆ ಕಟ್ಟಿರೆಂದು ಬೋಧಿಸುತ್ತ ನಾರುಹುಣ್ಣಿನ ಜೊತೆ ಸೆಣಸಿದಳು. ಕೊನೆಯ ಇಪ್ಪತ್ತು ವರ್ಷ ಮನೆಯಲ್ಲಿ ಕನ್ನಡಿಯನ್ನೇ ಇಟ್ಟುಕೊಳ್ಳಲಿಲ್ಲವೆಂದು ಮಗ ಬರೆದಿದ್ದಾರೆ. 1974ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡಾಗ ಜೆಸ್ಸಿಯ ಪಕ್ಕದಲ್ಲೇ ಅವಳಿಗೂ ಜಾಗವಾಯಿತು.

ಇಂಥ ಬದುಕನ್ನು ತ್ಯಾಗವೆಂದು ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ಜೆಸ್ಸಿ, ಎವೆಲಿನ್ ತಾವಾಗಿ ಆರಿಸಿಕೊಂಡು ಬೆಟ್ಟ ಹತ್ತಿದವರು. ಪಾಲ್ ಮತ್ತು ಕಾನಿಯನ್ನು ಯಾರೂ ಕೇಳಿರಲಿಲ್ಲ. ಬೆಟ್ಟದ ಬಡವರಿಗೆ ಸಿಕ್ಕ ಔಷಧಿಯಲ್ಲಿ, ಪಾಠದಲ್ಲಿ ಆ ಇಬ್ಬರು ಮಕ್ಕಳ ಪಾಲೂ ಇತ್ತು. ಅವರು ಕೊಟ್ಟದ್ದು ಅಪ್ಪ ಅಮ್ಮನ ಜೊತೆ ಕಳೆಯಬೇಕಾಗಿದ್ದ ಬಾಲ್ಯ. ಸೇವೆಯ ಚರಿತ್ರೆ ಬರೆಯುವವರು ಅದನ್ನೂ ಬರೆದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಇವತ್ತೂ ನಮ್ಮ ಕ್ರೈಸ್ತ ಸಭೆಗಳಿಂದ ನರ್ಸುಗಳು, ಶಿಕ್ಷಕರು, ವೈದ್ಯ ದಂಪತಿಗಳು ದೂರದ ಕಾಡುಮೇಡುಗಳಿಗೆ, ಆಫ್ರಿಕದ ಹಳ್ಳಿಗಳಿಗೆ ಹೋಗುತ್ತಾರೆ. ರಜೆಯಲ್ಲಿ ಬಂದಾಗ ಹಾರ ಹಾಕಿ, ಅಲ್ಲಿಯ ಕೆಲಸದ ವರದಿ ಕೇಳುತ್ತೇವೆ. ಅದು ಇರಲಿ. ಜೊತೆಗೆ ಮಕ್ಕಳು ಎಲ್ಲಿದ್ದಾರೆ, ಯಾರ ಮನೆಯಲ್ಲಿದ್ದಾರೆ, ಹಬ್ಬಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದೂ ಕೇಳೋಣ. ಹತ್ತಿರದ ಹಾಸ್ಟೆಲಿನಲ್ಲಿದ್ದರೆ ಒಂದು ಭಾನುವಾರ ಹೋಗಿ ಊಟಕ್ಕೆ ಕರೆತರೋಣ. ಬೆಟ್ಟ ಹತ್ತಲಾಗದ ನಮ್ಮಂಥವರಿಂದ ಇಷ್ಟಾದರೂ ಆಗುತ್ತದೆ, ಆಗಲೇಬೇಕು.