ಬಾಗಿಲು ತೆರೆದಾಗ ವಯಸ್ಸು 57!

ನಮ್ಮಕ್ಕ ಟ್ರ್ಯಾಕ್ ಹಾಡುವವಳು. ಟ್ರ್ಯಾಕ್ ಅಂದರೆ ಗೊತ್ತಲ್ಲ? ದೊಡ್ಡ ಗಾಯಕಿ ಬರುವುದಕ್ಕೆ ಮುಂಚೆ ಯಾರಾದರೂ ಹಾಡಿ ಇಟ್ಟಿರಬೇಕು. ದೊಡ್ಡವರು ಬಂದು ಅದನ್ನು ಕೇಳಿಕೊಂಡು ಹಾಡುತ್ತಾರೆ, ಅಕ್ಕನ ದನಿಯನ್ನು ಅಳಿಸಿಬಿಡುತ್ತಾರೆ. ಹದಿನಾರು ವರ್ಷದಿಂದ ಇದೇ ಕಥೆ! ಕಳೆದ ತಿಂಗಳು ಒಬ್ಬ ಸಂಗೀತ ನಿರ್ದೇಶಕರ ಕಡೆಯಿಂದ ಫೋನ್ ಬಂತು. "ಈ ಸಲ ನಿಮ್ಮ ದನೀನೇ ಇಟ್ಕೋತೀವಿ. ಸಣ್ಣ ಹಾಡು, ಒಂದು ಪಲ್ಲವಿ, ಒಂದು ಚರಣ."

ನಾನು ಕುಣಿದಾಡಿಬಿಟ್ಟೆ. ಅಕ್ಕ ಒಲೆ ಮುಂದೆ ನಿಂತವಳು ತಿರುಗಲೇ ಇಲ್ಲ. "ಈಗ ಕರೀತಾರೇನೋ? ಮೇಲಿನ ಷಡ್ಜಕ್ಕೆ ಹೋದ್ರೆ ದನಿ ಒಡೆಯುತ್ತೆ ಕಣೋ. ಹತ್ತು ವರ್ಷದ ಹಿಂದೆ ಕರೀಬೇಕಿತ್ತು" ಅಂದಳು.

ಆ ರಾತ್ರಿ ನನಗೆ ನೆನಪಾದವರು ಮರಿಯನ್ ಆಂಡರ್ಸನ್. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಅಮೆರಿಕದ ಗಾಯಕಿ ಎಲ್ಲಿಂದ ಪರಿಚಯ ಅಂತ ಹುಬ್ಬೇರಿಸಬೇಡಿ ಸ್ವಾಮಿ! ಆಕೆ 1956ರಲ್ಲಿ ಬರೆದ ಆತ್ಮಕಥೆ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಓದಿದ್ದೆ.

ಫಿಲಡೆಲ್ಫಿಯಾದ ಬಡ ಕಪ್ಪು ಕುಟುಂಬದ ಹುಡುಗಿ. ಅಪ್ಪ ಐಸು, ಕಲ್ಲಿದ್ದಲು ಮಾರುತ್ತಿದ್ದರು, ಬೇಗ ತೀರಿಹೋದರು. ಅಮ್ಮ ಬೇರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದರು. ಸಂಗೀತ ಶಾಲೆಗೆ ಸೇರಲು ಹೋದರೆ, ಸಾಲಿನಲ್ಲಿದ್ದ ಉಳಿದವರನ್ನೆಲ್ಲ ವಿಚಾರಿಸಿಯಾದ ಮೇಲೆ, ಕಪ್ಪು ಜನರನ್ನು ಸೇರಿಸಿಕೊಳ್ಳುವುದಿಲ್ಲ ಅಂದರಂತೆ. ಪಾಠದ ಫೀಸಿಗೆ ಚರ್ಚಿನವರೇ ದುಡ್ಡು ಕೂಡಿಸಿದರು.

ಆಕೆಯದು ಕಾಂಟ್ರಾಲ್ಟೊ, ಅಂದರೆ ಹೆಣ್ಣು ದನಿಗಳಲ್ಲೆಲ್ಲ ಕೆಳಗಿನದು, ಮಂದ್ರದ ದನಿ. 1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಕಚೇರಿ ನೆಲಕಚ್ಚಿತು. ಮರುವರ್ಷ ಸ್ಪರ್ಧೆಯಲ್ಲಿ ಗೆದ್ದರೂ ಕರೆಯುವವರು ಕಡಿಮೆ. ಯೂರೋಪಿಗೆ ಹೋದರು. 1935ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ತೋಸ್ಕನಿನಿಯಂಥ ದಿಗ್ಗಜ ಇದು ನೂರು ವರ್ಷಕ್ಕೊಮ್ಮೆ ಕೇಳಸಿಗುವ ದನಿ ಅಂದರು. ಅದೇ ಡಿಸೆಂಬರ್ 30ರಂದು ಮತ್ತೆ ಅದೇ ಟೌನ್ ಹಾಲು! ಹಡಗಿನಲ್ಲಿ ಬಿದ್ದು ಕಾಲು ಮುರಿದಿತ್ತು. ಪ್ಲಾಸ್ಟರನ್ನು ಉದ್ದನೆಯ ಗೌನಿನಲ್ಲಿ ಮುಚ್ಚಿ, ಪಿಯಾನೋಗೆ ಒರಗಿ ಹಾಡಿ ಗೆದ್ದರು. ನಮ್ಮ ಯಾವ ಚಿತ್ರಕಥೆಗಾರನೂ ಇಂಥ ಸೀನ್ ಬರೆದಿಲ್ಲ ಬಿಡಿ.

1939ರ ಕಥೆ ನೀವೂ ಕೇಳಿರಬಹುದು. ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್ ಆಕೆಗೆ ಕೊಡಲಿಲ್ಲ. ಕಾರಣ ಬಣ್ಣ. ಆ ಹಾಲಿನ ಒಡೆತನದ ಮಹಿಳಾ ಸಂಘಕ್ಕೆ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನಾರ್ ರಾಜೀನಾಮೆ ಕೊಟ್ಟರು. ಏಪ್ರಿಲ್ 9, ಈಸ್ಟರ್ ಭಾನುವಾರ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಎದುರಿಗೆ 75,000 ಜನ! ಅದರ ನ್ಯೂಸ್‌ರೀಲನ್ನು ನಾನು ಫೋನಿನಲ್ಲಿ ನೋಡಿದ್ದೇನೆ. ಚಳಿಗೆ ತುಪ್ಪಳದ ಕೋಟು, ಎದುರಿಗೆ ಮೈಕುಗಳ ಸಾಲು, ಮುಚ್ಚಿದ ಕಣ್ಣು.

ಆದರೆ ಅದೆಲ್ಲ ಕಚೇರಿ. ಒಪೆರಾ ಬೇರೆ. ನಮ್ಮ ಕಂಪೆನಿ ನಾಟಕದ ಹಾಗೆ ವೇಷ, ಪರದೆ, ಪಾತ್ರ ಎಲ್ಲ ಇರುತ್ತೆ, ಮಾತೇ ಹಾಡು. ರಷ್ಯಾದಲ್ಲಿ ಸ್ಟಾನಿಸ್ಲಾವ್‌ಸ್ಕಿ ಕಾರ್ಮೆನ್ ಪಾತ್ರ ಕಲಿಸುತ್ತೇನೆ ಬಾ ಅಂದಿದ್ದರಂತೆ. ಹೋಗಲಾಗಲಿಲ್ಲ. 1938ರಲ್ಲಿ ಅವರೇ ಹೋಗಿಬಿಟ್ಟರು. ಇನ್ನು ಸ್ವಂತ ದೇಶದಲ್ಲಿ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1883ರಿಂದ ನಡೆಯುತ್ತಿದ್ದರೂ ಒಬ್ಬ ಕಪ್ಪು ಗಾಯಕರಿಗೂ ಅಲ್ಲಿ ಪಾತ್ರ ಸಿಕ್ಕಿರಲಿಲ್ಲ.

ಅಂತೂ 1954ರಲ್ಲಿ ಮ್ಯಾನೇಜರ್ ರುಡಾಲ್ಫ್ ಬಿಂಗ್ ಕೇಳಿದರು. ವೆರ್ದಿಯ ಒಪೆರಾದಲ್ಲಿ ಉಲ್ರಿಕಾ ಎಂಬ ಕಣಿ ಹೇಳುವವಳ ಪಾತ್ರ, ಇರುವುದು ಒಂದೇ ದೃಶ್ಯದಲ್ಲಿ. ನಿರ್ದೇಶಕ ಮಿತ್ರೋಪೌಲಸ್ ಮುಂದೆ ಹಾಡಿ ನೋಡಿದಾಗ ಮೇಲಿನ ಒಂದು ಸ್ವರ ಸರಿಯಾಗಿ ಬರಲಿಲ್ಲ. ಅಭ್ಯಾಸ ಮಾಡಿದರೆ ಬರುತ್ತೆ ಅಂದರಂತೆ ಅವರು.

1955ರ ಜನವರಿ 7. ಪರದೆ ಎದ್ದಾಗ ವೇದಿಕೆ ಮೇಲೆ ಆಕೆ. ಬಾಯಿ ತೆರೆಯುವ ಮುಂಚೆಯೇ ಚಪ್ಪಾಳೆ, ನಿಲ್ಲುತ್ತಲೇ ಇಲ್ಲ! ಮೈ ನಡುಗಿತು, ದನಿ ಬಿಗಿಯಿತು ಅಂತ ಅವರೇ ಬರೆದುಕೊಂಡಿದ್ದಾರೆ. ಬಟ್ಟೆ ಒಗೆದು ಸಾಕಿದ ಅಮ್ಮ ಪ್ರೇಕ್ಷಕರ ನಡುವೆ ಕೂತಿದ್ದರು. ದನಿಯ ಒಳ್ಳೆಯ ಕಾಲ ಮುಗಿದಿತ್ತೆಂದು ಬಲ್ಲವರೆಲ್ಲ ಹೇಳುತ್ತಾರೆ. ಅಂದ ಹಾಗೆ ಆಕೆ ತನ್ನ ಹುಟ್ಟಿದ ವರ್ಷ 1902 ಎಂದು ಹೇಳಿಕೊಳ್ಳುತ್ತಿದ್ದರು. ನಿಜವಾಗಿ 1897. (ನಮ್ಮ ತಾರೆಯರನ್ನೇ ಯಾಕೆ ಆಡಿಕೊಳ್ಳುತ್ತೀರಿ!) ಅಂದರೆ ಆ ರಾತ್ರಿ 57.

ಇದನ್ನು ಓದಿದಾಗ ಎಲ್ಲರ ಹಾಗೆ ನನಗೆ ಕಣ್ಣು ತುಂಬಲಿಲ್ಲ, ಸಿಟ್ಟು ಬಂತು. 1935ರಿಂದ 1955ರವರೆಗೆ ಇಪ್ಪತ್ತು ವರ್ಷ ಆ ದನಿ ಅದೇ ಊರಿನಲ್ಲಿ, ನಾಲ್ಕು ಬೀದಿ ಆಚೆ ಹಾಡುತ್ತಿತ್ತಲ್ಲ! ಆ ಚಪ್ಪಾಳೆ ಆಗೆಲ್ಲಿ ಹೋಗಿತ್ತು? ಆದರೂ ಆಕೆ 'ಈಗ ಬೇಡ' ಅನ್ನಲಿಲ್ಲ. ಇಪ್ಪತ್ತೇ ದಿನಕ್ಕೆ ರಾಬರ್ಟ್ ಮೆಕ್‌ಫೆರಿನ್ ಅದೇ ವೇದಿಕೆ ಹತ್ತಿದರು. 1961ರಲ್ಲಿ ಲಿಯೊಂಟಿನ್ ಪ್ರೈಸ್ ಬಂದರು, ಅದೂ ನಾಯಕಿಯಾಗಿ. ಆಕೆ 1964ರಲ್ಲಿ ತಮ್ಮ ವಿದಾಯದ ಕಚೇರಿಗಳನ್ನು ಶುರುಮಾಡಿದ್ದು ಎಲ್ಲಿ ಗೊತ್ತೆ? ಅದೇ ಕಾನ್‌ಸ್ಟಿಟ್ಯೂಷನ್ ಹಾಲಿನಲ್ಲಿ!

ಮಾರನೇ ದಿನ ಬೆಳಿಗ್ಗೆ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಹುರುಳೀಕಾಯಿ ಬಿಡಿಸುತ್ತಾ ಕೇಳಿದಳು. ತುಂಬಾ ಹೊತ್ತು ಮಾತಿಲ್ಲ.

"ಒಂದೇ ದೃಶ್ಯಾನಾ?"

"ಒಂದೇ."

"ಒಪ್ಕೊಂಡ್ರಾ?"

"ಒಪ್ಕೊಂಡ್ರು."

ಕಾಯಿ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ಶ್ರುತಿ ಅರ್ಧ ಮನೆ ಇಳಿಸ್ತಾರಾ ಕೇಳು ಅವರನ್ನ" ಅಂದಳು.

ಫೋನ್ ಮಾಡಿದೆ. ಇಳಿಸ್ತಾರಂತೆ. ಬರೋ ಗುರುವಾರ ರೆಕಾರ್ಡಿಂಗ್.